ಕೂಗುಗಾರನ ಉಳಿಮಾತು

ಆ ಊರಿನಲ್ಲಿ ಸತ್ತವರ ಮುಖವನ್ನು ಯಾರೂ ಉಳಿಸಿಕೊಳ್ಳುತ್ತಿರಲಿಲ್ಲ. ಕಲ್ಲಿನಲ್ಲಿ ಕೆತ್ತಿಸುತ್ತಿರಲಿಲ್ಲ, ಗೋಡೆಗೆ ತೂಗುಹಾಕುತ್ತಿರಲಿಲ್ಲ. ಅವರು ಬದುಕಿದ್ದಾಗ ಆಡಿದ ಒಂದು ಮಾತನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಒಂದೇ ಒಂದು. ಅದಕ್ಕೆ ಉಳಿಮಾತು ಅನ್ನುತ್ತಿದ್ದರು. ದಿನಾ ಹೊತ್ತು ಮೂಡುವಾಗ ಊರಿಗೆ ಊರೇ ಅಗಸೆ ಬಾಗಿಲಿಗೆ ಬಂದು ನಿಂತು, ಸತ್ತವರ ಉಳಿಮಾತುಗಳನ್ನು ಗಟ್ಟಿಯಾಗಿ ಕೂಗುತ್ತಿತ್ತು. ಕೂಗಿದ ಮೇಲೆಯೇ ಬಾಗಿಲು ತೆಗೆಯುವುದು, ಒಲೆ ಹಚ್ಚುವುದು, ದನ ಬಿಡುವುದು.

ಯಾವ ಮಾತು ಉಳಿಯಬೇಕು ಅನ್ನುವುದನ್ನು ಊರ ಹಿರಿಯರು ಕಟ್ಟೆಯ ಮೇಲೆ ಕೂತು ಆರಿಸುತ್ತಿದ್ದರು. ಆದರೆ ಮನಸ್ಸಿಗೆ ಬಂದದ್ದನ್ನು ಆರಿಸುವ ಹಾಗಿರಲಿಲ್ಲ. ಆ ಮಾತನ್ನು ಸತ್ತವರ ಬಾಯಿಂದ ತನ್ನ ಕಿವಿಯಾರೆ ಕೇಳಿದವರೊಬ್ಬರು ತಾಮ್ರದ ಹಂಡೆಯ ನೀರಿನಲ್ಲಿ ಕೈಯದ್ದಿ ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳುವವರು ಸತ್ತವರ ಮನೆಯವರಾಗಿರಬಾರದು, ಅವರ ಮನೆಯ ಉಪ್ಪು ಉಂಡವರೂ ಆಗಿರಬಾರದು. ಸಾಕ್ಷಿ ನುಡಿದ ಮಾತಿಗೆ ಒಂದಕ್ಷರ ಕೂಡಿಸುವಂತಿಲ್ಲ, ಒಂದಕ್ಷರ ಕಳೆಯುವಂತಿಲ್ಲ. ಹೀಗಾಗಿ ಸೂಲಗಿತ್ತಿಯೊಬ್ಬಳ ಉಳಿಮಾತು "ಉಸಿರು ಬಿಡು, ನಾ ಅದೇನಿ" ಎಂದಿತ್ತು. ಕೇಳಿದವರ ಎದೆ ತಂಪಾಗುತ್ತಿತ್ತು. ಇನ್ನೊಬ್ಬ ದೊಡ್ಡ ಮನುಷ್ಯನ ಉಳಿಮಾತು "ನನ್ನ ಪಾಲಿನ ಹೋಳಿಗಿ ಯಾರ ತಿಂದ್ರು?" ಎಂದಿತ್ತು. ಅವನಿಗೆ ಸಾಕ್ಷಿಯಾಗಿ ಸಿಕ್ಕವನು ಜಗಳಗಂಟ ನೆರೆಮನೆಯವನೊಬ್ಬನೇ. ಆ ಮಾತನ್ನೂ ಊರು ಎಷ್ಟೋ ತಲೆಮಾರಿನಿಂದ ನಗದೆ ಕೂಗುತ್ತಿತ್ತು.

ಸಾಕ್ಷಿಯೇ ಸಿಗದೆ ಹೋದವರ ಗತಿ ಬೇರೆ. ಅವರಿಗೆ ಉಳಿಮಾತಿಲ್ಲ. ಉಳಿಮಾತಿಲ್ಲದವರ ಹೆಸರನ್ನು ಯಾರೂ ಎತ್ತುವಂತಿಲ್ಲ. ಹೆತ್ತವರು ಎತ್ತುವಂತಿಲ್ಲ, ಒಡಹುಟ್ಟಿದವರು ಎತ್ತುವಂತಿಲ್ಲ. ಹೆಸರು ನುಂಗಿಸಿದರು ಅನ್ನುತ್ತಿದ್ದರು ಅದಕ್ಕೆ. ಮರೆತು ಬಾಯಿಬಿಟ್ಟವರನ್ನು ಅಗಸೆಯ ಆಚೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅಂಥ ಹೆಸರೊಂದನ್ನು ಬಾಯೊಳಗಿಟ್ಟುಕೊಂಡೇ ಒಬ್ಬ ತಂಗಿ ಆ ಊರಲ್ಲಿ ಮುದುಕಿಯಾದಳು. ಅಕ್ಕನ ಹೆಸರು ಅಡಿವೆವ್ವ.

ಅಡಿವೆವ್ವ ನೀರು ಹೊರುವ ಹೆಂಗಸು. ಆಗ ಗುಡ್ಡದ ಮೇಲೆ ಕೋಟೆಯಿತ್ತು, ಕೋಟೆಯೊಳಗೆ ಹೊಂಡವಿತ್ತು. ಊರ ಹೆಂಗಸರು ಹೊಳೆಯಿಂದ ಕೊಡ ಹೊತ್ತು, ಗುಡ್ಡದ ಮೆಟ್ಟಿಲು ಹತ್ತಿ, ಆ ಹೊಂಡ ತುಂಬಿಸಬೇಕು. ತುಂಬಿಸಿದ ಹೊಂಡದ ನೀರನ್ನು ಮುಟ್ಟಬಾರದು. ಇಳಿಯುವಾಗ ಗಂಟಲು ಒಣಗಿ ಬಿದ್ದವರನ್ನು ಮೆಟ್ಟಿಲ ಪಕ್ಕಕ್ಕೆ ಸರಿಸಿ ಉಳಿದವರು ನಡೆಯಬೇಕು. ಅವರ ಅವ್ವಂದಿರೂ ಹೀಗೇ ನಡೆದಿದ್ದರು.

ಒಂದು ದಿನ ಅಡಿವೆವ್ವ ಮೆಟ್ಟಿಲ ನಡುವೆ ನಿಂತಳು. ಕೊಡ ಇಳಿಸಿದಳು. ಎಲ್ಲರ ಕಡೆ ತಿರುಗಿ, "ಕೊಡಾ ಹೊರೂ ತಲೀಗೆ ಕೇಳೂ ಬಾಯೂ ಐತಿ" ಅಂದಳು.

ಅವಳ ದನಿ ಸಣ್ಣದು. ಎಳವೆಯಲ್ಲಿ ಬಂದ ಬೇನೆಯಿಂದ ಗಂಟಲು ಕಟ್ಟಿಹೋಗಿತ್ತು. ಪಕ್ಕದವರಿಗೆ ಕೇಳಿಸಿದ್ದು ಹಿಂದಿನವರಿಗೆ ಕೇಳಿಸುತ್ತಿರಲಿಲ್ಲ. ಅದೇ ಮೆಟ್ಟಿಲಲ್ಲಿ ಹಗ್ಗ ಹೊತ್ತು ಬರುತ್ತಿದ್ದ ಒಬ್ಬ ಹುರುಪಿನ ಯುವಕನಿದ್ದ. ಗಂಟೆ ಹೊಡೆದಂಥ ದನಿ ಅವನದು. ಅವನು ಆ ಮಾತನ್ನು ಎತ್ತಿಕೊಂಡು ಗುಡ್ಡ ಮೊಳಗುವಂತೆ ಕೂಗಿದ. ಅಂದಿನಿಂದ ಅವನು ಅಡಿವೆವ್ವನ ಕೂಗುಗಾರನಾದ. ಅವಳು ಪಿಸುಗುಟ್ಟುವಳು, ಅವನು ಕೂಗುವನು. ಹೊಳೆ ದಂಡೆಯಲ್ಲಿ, ಸಂತೆಯಲ್ಲಿ, ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ನಡುವೆ. ತಂಗಿ ಅವರಿಬ್ಬರ ಹಿಂದೆ ಅಕ್ಕನ ಕೊಡವನ್ನೂ ತನ್ನ ಕೊಡವನ್ನೂ ಹೊತ್ತು ನಡೆಯುತ್ತಿದ್ದಳು. ಕೂಗುಗಾರ ಅವರ ಮನೆಯ ಹೊಸ್ತಿಲ ಮೇಲೆ ಕೂತು, "ಅಕ್ಕಾ, ನಾಳೆ ಏನ್ ಕೂಗೂದು?" ಎಂದು ಕೇಳುತ್ತಿದ್ದ. ಉಣ್ಣಲು ಕೊಡೋಣವೆಂದರೆ ಅವರ ಮನೆಯಲ್ಲಿ ಉಪ್ಪಿಗೂ ಗತಿಯಿರಲಿಲ್ಲ.

ಒಂದು ಮುಂಜಾನೆ ಹೆಂಗಸರೆಲ್ಲ ಕೊಡಗಳನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ ಕೂತುಬಿಟ್ಟರು. ಕೋಟೆಯ ಹೊಂಡ ತಳ ಕಂಡಿತು. ಕೋಟೆಯವರು ಇಳಿದು ಬಂದು ಅಡಿವೆವ್ವನನ್ನು ಎಳೆದುಕೊಂಡು ಹೋದರು. ಹಿಂದಕ್ಕೆ ಕೊಟ್ಟಾಗ ಅವಳು ಹೆಣವಾಗಿದ್ದಳು. ಜ್ವರ ಬಂದಿತ್ತು ಅಂದರು. ಅವಳ ತುಟಿ ಒಡೆದು, ನಾಲಿಗೆ ಒಣಗಿದ ತೊಗಲಿನ ಹಾಗಾಗಿತ್ತು. ನೀರಿನ ಮಗ್ಗುಲಲ್ಲೇ ಅವಳಿಗೆ ನೀರು ಕೊಡದೆ ಕೊಂದಿದ್ದರು.

ಮಣ್ಣು ಮಾಡಿದ ಮೇಲೆ ಹಿರಿಯರು ಕಟ್ಟೆಯ ಮೇಲೆ ಕೂತರು. ಹಂಡೆಗೆ ನೀರು ತುಂಬಿಸಿದರು. ಅಡಿವೆವ್ವನ ಮಾತಿಗೆ ಯಾರು ಸಾಕ್ಷಿ ಎಂದು ಕೇಳಿದರು. ತಂಗಿ ಮನೆಯವಳು, ಅವಳ ಸಾಕ್ಷಿ ನಡೆಯದು. ಉಳಿದ ಊರೆಲ್ಲ ಸಾಕ್ಷಿ ಹೇಳಬಹುದಿತ್ತು. ಆದರೆ ಕೋಟೆಯ ಕಾವಲುಗಾರರು ಕಟ್ಟೆಯ ಸುತ್ತ ಭರ್ಜಿ ಹಿಡಿದು ನಿಂತಿದ್ದರು. ಯಾರೂ ಏಳಲಿಲ್ಲ. ಎಲ್ಲರೂ ಕೂಗುಗಾರನ ಕಡೆ ನೋಡಿದರು.

ಕೂಗುಗಾರ ಎದ್ದು ನಿಂತ. ತಂಗಿಗೆ ಹೋದ ಜೀವ ಬಂದಂತಾಯಿತು.

ಹಿರಿಯರಲ್ಲಿ ಒಬ್ಬರು ಕೇಳಿದರು, "ಅಕಿ ಏನ್ ಅಂದಿದ್ಲು, ನೀ ಹೇಳಪಾ."

ಕೂಗುಗಾರ ಹಂಡೆಯ ಕಡೆ ಹೋಗಲಿಲ್ಲ. ತಂಗಿಯ ಮುಖವನ್ನೇ ನೋಡುತ್ತ, ಊರಿಗೆಲ್ಲ ಕೇಳುವ ಆ ಗಂಟೆಯಂಥ ದನಿಯಲ್ಲಿ ಹೇಳಿದ: "ಅಡಿವೆವ್ವ ಅನ್ನೂ ಹೆಂಗಸನ್ನ ನಾ ಕಂಡೇ ಇಲ್ಲ."

ಭರ್ಜಿಗಳು ಕೆಳಗಿಳಿದವು. ಹಿರಿಯರು ಹಂಡೆಯ ನೀರು ಚೆಲ್ಲಿದರು. ಅಡಿವೆವ್ವನ ಹೆಸರನ್ನು ನುಂಗಿಸಿದರು.

ತಂಗಿ ಅಂದು ಅಳಲಿಲ್ಲ. ಮನೆಗೆ ಹೋಗಿ ಪುಂಡಿ ನಾರನ್ನು ಮುಂದಿಟ್ಟುಕೊಂಡು ಹಗ್ಗ ಹೊಸೆಯಲು ಕೂತಳು. ಒಂದೊಂದು ಹುರಿಗೂ ಕೂಗುಗಾರ ಅಂದ ಆ ಮಾತನ್ನು ಬಾಯೊಳಗೇ ಒಂದೊಂದು ಸಲ ಹೇಳಿಕೊಂಡಳು, ಒಂದಕ್ಷರ ಅತ್ತಿತ್ತ ಆಗದಂತೆ, ಅವನ ದನಿಯ ಏರಿಳಿತದ ಸಮೇತ. ಅಂದಿನಿಂದ ಅದೇ ಅವಳ ಕಸುಬಾಯಿತು. ಊರ ದನಗಳ ಕೊರಳಲ್ಲಿ, ಬಾವಿಯ ಗಡಗಡೆಯಲ್ಲಿ, ತೊಟ್ಟಿಲುಗಳಲ್ಲಿ ಅವಳು ಹೊಸೆದ ಹಗ್ಗವಿರುತ್ತಿತ್ತು. ಆ ಹಗ್ಗಗಳೊಳಗೆ ಏನಿದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಕೂಗುಗಾರ ಬೆಳೆದ. ಕೋಟೆಯವರು ಮೊದಲು ಅವನನ್ನು ಹೊಂಡದ ಮೇಸ್ತ್ರಿ ಮಾಡಿದರು. ಆಮೇಲೆ ಕೋಟೆಯವರ ಕಾಲ ಮುಗಿಯಿತು. ಬೋರಲು ಬಿದ್ದ ಕೊಡಗಳನ್ನು ಮತ್ತೆ ಎತ್ತಲು ಹೆಂಗಸರು ಒಪ್ಪಲೇ ಇಲ್ಲ. ಕೋಟೆ ಒಣಗಿ ಪಾಳುಬಿತ್ತು, ಮಳೆ ನೀರು ತುಂಬಿದ ಹೊಂಡ ಊರಿನದಾಯಿತು. ಹೊಂಡದ ಬಾಗಿಲು ತೆರೆದ ದಿನ ಮೆಟ್ಟಿಲ ಮೇಲೆ ನಿಂತು ಕೂಗುಗಾರ ಎರಡೂ ಕೈ ಎತ್ತಿ ಕೂಗಿದ: "ಕೊಡಾ ಹೊರೂ ತಲೀಗೆ ಕೇಳೂ ಬಾಯೂ ಐತಿ!" ಜನ ಕುಣಿದರು. ಆ ಮಾತನ್ನು ಅವರು ಕೇಳಿದ್ದೇ ಅವನ ಬಾಯಿಂದ. ಅವರ ಮಕ್ಕಳು ಅದನ್ನು ಅವನ ಮಾತೆಂದೇ ಕಲಿತರು. ಅವನನ್ನು ಯಜಮಾನರೇ ಎಂದು ಕರೆದರು.

ಯಜಮಾನನಾದವನು ಕೈಬಿಚ್ಚಿ ಉಣಿಸಿದ. ಬಾಣಂತಿಯರಿಗೆ ಅವನ ಮನೆಯಿಂದ ಅನ್ನ ಹೋಗುತ್ತಿತ್ತು, ಮದುವೆಗೆ ಅವನ ಮನೆಯ ಬುತ್ತಿ, ಕೂಸಿಗೆ ಹೆಸರಿಡುವಾಗ ಅವನ ಮನೆಯ ಪಾಯಸ. ಊರಲ್ಲಿ ಅವನ ಉಪ್ಪು ಉಣ್ಣದ ನಾಲಿಗೆಯೇ ಉಳಿಯಲಿಲ್ಲ, ತಂಗಿಯದೊಂದನ್ನು ಬಿಟ್ಟು. ಅವಳ ಬಾಗಿಲಿಗೂ ಒಂದು ಸಲ ಜೋಳದ ಚೀಲ ಬಂತು. ಅವಳು ಅದನ್ನು ಬೇವಿನ ಮರಕ್ಕೆ ನೇತುಹಾಕಿ ತೂತು ಮಾಡಿದಳು. ಹಕ್ಕಿಗಳು ತಿಂದವು.

"ಯಾಕಬೇ, ನಿನಗ ಬ್ಯಾಡೇನು?" ಎಂದು ಚೀಲ ತಂದ ಆಳು ಕೇಳಿದ.

"ಹಕ್ಕಿಗೋಳು ಸಾಕ್ಷಿ ಹೇಳಾಕ ಬರೂದಿಲ್ಲಪಾ. ಅವು ತಿನ್ಲಿ," ಅಂದಳು ತಂಗಿ.

ಆಳಿಗೆ ಏನೂ ತಿಳಿಯಲಿಲ್ಲ. ಅವನು ಹೋಗಿ ಹೇಳಿದಾಗ ಯಜಮಾನನ ಕೈಯಲ್ಲಿದ್ದ ತುತ್ತು ಮಾತ್ರ ತಟ್ಟೆಗೆ ಬಿತ್ತಂತೆ.

ವರ್ಷಗಳು ಉರುಳಿದವು. ಕೂಗುಗಾರ ಹಾಸಿಗೆ ಹಿಡಿದ. ಕಟ್ಟೆಯ ಮೇಲೆ ಈಗ ಹೊಸ ಹಿರಿಯರು ಕೂತಿದ್ದರು. ಅವನ ಉಳಿಮಾತು ಯಾವುದೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ; ಹೊಂಡದ ಮೆಟ್ಟಿಲ ಮೇಲೆ ಕೂಗಿದ ಆ ಮಾತೇ. ಆದರೆ ಸಾಕ್ಷಿ ಯಾರೆಂದು ಯೋಚಿಸಲು ಕೂತವರು ಬೆವರಿದರು. ಅವನ ಉಪ್ಪು ಉಣ್ಣದವರನ್ನು ಹುಡುಕಿ ಮನೆಮನೆಗೆ ಜನ ಕಳಿಸಿದರು. ಹೋದವರೆಲ್ಲ ಖಾಲಿ ಕೈಯಲ್ಲಿ ಬಂದರು. ಕೊನೆಗೆ ಎಲ್ಲರೂ ಹಗ್ಗ ಹೊಸೆಯುವ ಮುದುಕಿಯ ಬಾಗಿಲಿಗೇ ಬಂದು ನಿಂತರು.

ಅವಳು ಸಾಕ್ಷಿ ಹೇಳಿದರೆ ಕೂಗುಗಾರ ಉಳಿದ. ಇಲ್ಲದಿದ್ದರೆ ಅವನ ಹೆಸರನ್ನೂ ನುಂಗಿಸಬೇಕು. ಅವನ ಹೆಸರು ಹೋದರೆ ಅವನ ಹೆಸರಿನ ಹೊಂಡ, ಅವನ ಹೆಸರಿನ ಓಣಿ, ಅವನ ಮಕ್ಕಳು ಕಟ್ಟೆಯ ಮೇಲೆ ಕೂರುವ ಹಕ್ಕು, ಎಲ್ಲವೂ ಹೋಯಿತು. ಮುದುಕಿ ಅವನಿಗಿಂತ ಮೊದಲು ಸತ್ತರೂ ಅದೇ ಗತಿ. ಹಾಗಾಗಿ ಕೂಗುಗಾರನ ಮಕ್ಕಳು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದರು. ಅವಳು ಕೆಮ್ಮಿದರೆ ವೈದ್ಯ ಓಡಿ ಬರುವನು. ಅವಳು ಹೊಳೆಗೆ ಹೋದರೆ ಹಿಂದೆ ಒಬ್ಬ ಆಳು. ತಂಗಿ ಒಮ್ಮೊಮ್ಮೆ ಬೇಕೆಂದೇ ಜೋರಾಗಿ ಕೆಮ್ಮುವಳು. ಓಣಿಯ ತುದಿಯಲ್ಲಿ ಚಪ್ಪಲಿ ಸದ್ದು ಕೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ಅಷ್ಟು ವರ್ಷಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಒಂದು ದಿನ ಹಿರಿಮಗನೇ ಬಂದ. ನಡುವಯಸ್ಸಿನ, ತೂಕದ ಮನುಷ್ಯ.

"ಎವ್ವಾ, ಅಪ್ಪ ನಿನ್ನ ಕರಿಯಾಕತ್ತಾನ. ಮೇನೇ ತಂದೇವಿ."

"ನನಗ ಕಾಲ ಅದಾವು," ಅಂದಳು ತಂಗಿ. ನಡೆದೇ ಹೋದಳು.

ಕೂಗುಗಾರ ದೊಡ್ಡ ಮಂಚದ ಮೇಲೆ ಒಣಗಿದ ಎಲೆಯಂತೆ ಬಿದ್ದಿದ್ದ. ಮಕ್ಕಳನ್ನು ಹೊರಗೆ ಕಳಿಸಿದ. ಬಾಗಿಲು ತೆರೆದೇ ಇತ್ತು. ಅವನ ಗಂಟಲು ಈಗ ಕಟ್ಟಿಹೋಗಿತ್ತು. ಸಣ್ಣ ದನಿಯಲ್ಲಿ ಮಾತಾಡಿದ. ತಂಗಿ ಬಗ್ಗಿ ಕೇಳಬೇಕಾಯಿತು.

"ತಂಗೀ, ನೀರು ಕುಡೀತಿಯೇನು?"

"ನಿನ್ನ ಮನ್ಯಾಗ ಬ್ಯಾಡ."

"ನಾ ಯಾಕ ಕರೆಸೇನಿ ಅನ್ನೂದು ನಿನಗ ಗೊತ್ತೈತಿ."

"ಗೊತ್ತೈತಿ. ನೀ ಅಂದ ಮಾತೂ ನೆಪ್ಪೈತಿ. ಒಂದಕ್ಷರಾನೂ ಬಿಟ್ಟಿಲ್ಲ."

ಕೂಗುಗಾರ ಕಣ್ಣು ಮುಚ್ಚಿದ. ಆಮೇಲೆ, ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದನೇನೋ ಎಂಬಂತೆ ಮಾತಾಡಿದ. "ಅವತ್ತ ನಾ ಹಂಗ ಅನ್ನದಿದ್ರ ನನ್ನ ಹೆಣಾನೂ ಅಕಿ ಮಗ್ಗಲಾಗ ಇರತಿತ್ತು. ಮಾತೂ ನಮ್ಮ ಜೋಡಿ ಮಣ್ಣಾಗತಿತ್ತು. ನಾ ಬದುಕಿದೆ, ಅದಕ್ಕ ಮಾತು ಬದುಕೇತಿ. ಅಕಿ ಪಿಸುಮಾತನ್ನ ಊರ ಕಿವಿಗೆ ಮುಟ್ಟಿಸಿದ್ದು ಈ ಗಂಟಲ. ಅದನ್ನ ನೀ ತಿಳಕೋ."

"ತಿಳಕೊಂಡೇನಿ. ಮುಂದ ಹೇಳು."

"ನೀ ಅಕಿ ಮಾತನ್ನ ಸಾಕ್ಷಿ ಹೇಳಿದ್ರ ಅದು ದಿನಾ ಅಗಸ್ಯಾಗ ಮೊಳಗತೈತಿ. ಅಕಿ ಮಾತು ಅದು, ನನ್ನದಲ್ಲ. ನಾ ಬರೇ ಅದನ್ನ ತುಂಬಿಟ್ಟ ಗಡಗಿ. ನೀ ಆ ಇನ್ನೊಂದು ಮಾತು ಹೇಳಿದ್ರ ಏನಾಕೈತಿ? ಅಕಿನ್ನ ಯಾರೂ ಕಂಡೇ ಇಲ್ಲ ಅಂತ ಊರೆಲ್ಲಾ ದಿನಾ ಒದರತೈತಿ. ನಿಮ್ಮಕ್ಕನ್ನ ನೀನ ದಿನಾ ಕೊಂದಂಗಲ್ಲೇನು?"

ಈ ಮಾತು ತಂಗಿಗೆ ನಾಟಿತು. ಅವಳು ಹಗ್ಗ ಹೊಸೆಯುತ್ತ ಎಷ್ಟೋ ಸಲ ಇದನ್ನೇ ಯೋಚಿಸಿದ್ದಳು. ಅಕ್ಕನ ಮಾತು ಉಳಿಯಬೇಕೋ, ಅಕ್ಕನ ಹೆಸರು ಉಳಿಯಬೇಕೋ? ಮಾತು ಉಳಿದರೆ ಅದು ಈ ಮುದುಕನ ಮಾತಾಗಿ ಉಳಿಯುತ್ತದೆ. ಹೆಸರು ಉಳಿದರೆ ಇಲ್ಲ ಎಂಬ ಮಾತಿನೊಳಗೆ ಉಳಿಯುತ್ತದೆ. ಎರಡೂ ಕೂಡಿ ಉಳಿಯುವ ದಾರಿಯಿದ್ದದ್ದು ಒಂದೇ. ಆ ದಾರಿ ಈ ಮಂಚದ ಮೇಲೆ ಬಿದ್ದಿತ್ತು.

"ಹಂಗಾರ ನೀನ ಹೇಳಿಬಿಡು," ಅಂದಳು. "ನಿನ್ನ ಮಕ್ಕಳು ಹೊರಗ ಅದಾರ. ಹಿರ್ಯಾರೂ ಅಂಗಳದಾಗ ಕುಂತಾರ. ಬಾಗಲಾ ತೆಗದೈತಿ. ಆ ಮಾತು ಯಾರದು ಅಂತ ಒಂದ ಸಲ ಹೆಸರು ಹಿಡದು ಕೂಗು. ಕೂಗಿದ್ರ ನೀ ಬೇಡಿದ ಮಾತನ್ನ ನಾ ಹಂಡ್ಯಾಗ ಕೈ ಅದ್ದಿ ಹೇಳತೇನಿ. ನಿನ್ನ ಮ್ಯಾಗಿನ ಸಿಟ್ಟನ್ನ ಆ ನೀರಾಗ ಬಿಡತೇನಿ."

ಅವಳು ಸುಳ್ಳು ಹೇಳಲಿಲ್ಲ. ಅವನು ಕೂಗಿದ್ದರೆ ಬಿಟ್ಟುಬಿಡುತ್ತಿದ್ದಳು. ಆ ಗಳಿಗೆಯಲ್ಲಿ ಅವನು ಕೂಗಲಿ ಎಂದೇ ಅವಳ ಮೈಯೆಲ್ಲ ಬಯಸುತ್ತಿತ್ತು.

ಕೂಗುಗಾರನ ತುಟಿ ಅಲುಗಿತು. ಅ ಎಂಬ ಅಕ್ಷರ ಗಂಟಲಿಗೆ ಬಂತು. ಅಂಗಳದಲ್ಲಿ ಹಿರಿಮಗ ಯಾರಿಗೋ ಎಲೆಯಡಿಕೆ ತಟ್ಟೆ ತರಲು ಹೇಳುತ್ತಿದ್ದ. ಮೊಮ್ಮಕ್ಕಳು ಕಂಬ ಸುತ್ತಿ ಆಡುತ್ತಿದ್ದರು. ಕೂಗುಗಾರ ಆ ಸದ್ದನ್ನೆಲ್ಲ ಕೇಳಿದ. ಬಾಯಿ ಮುಚ್ಚಿದ.

"ಹುಡುಗೋರು ತಲಿ ಎತ್ತಿ ಅಡ್ಡಾಡೂದು ಹೆಂಗ, ತಂಗೀ?" ಅಂದು ಗೋಡೆಯ ಕಡೆ ಹೊರಳಿದ.

ತಂಗಿ ಎದ್ದಳು. "ನಾನೂ ತಲಿ ಎತ್ತಿ ಅಡ್ಡಾಡಿಲ್ಲಪಾ ಇಷ್ಟು ದಿನಾ," ಅಂದು ಹೊರಟುಬಂದಳು.

ಮರುದಿನ ಮಧ್ಯಾಹ್ನ ಕೂಗುಗಾರ ಸತ್ತ.

ಊರು ಕಟ್ಟೆಯ ಮುಂದೆ ಸೇರಿತು. ಹಂಡೆ ತೊಳೆದು ಹೊಂಡದ ನೀರು ತುಂಬಿಸಿದರು. ಮಕ್ಕಳು ಹೊಸ ಧೋತರ ಉಟ್ಟು ನಿಂತಿದ್ದರು. ಉಳಿಮಾತನ್ನು ದಿನಾ ಮೊದಲು ಕೂಗುವ ಹಕ್ಕು ಹಿರಿಮಗನದು. ಅವನು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹಿರಿಯರಲ್ಲಿ ದೊಡ್ಡವರು ತಂಗಿಯನ್ನು ಮುಂದೆ ಕರೆದರು.

"ಸತ್ತವರ ಉಪ್ಪು ಉಂಡಿಯೇನಬೇ?"

"ಉಂಡಿಲ್ಲ."

"ಸತ್ತವರ ಮಾತನ್ನ ನಿನ್ನ ಕಿವೀಲೇ ಕೇಳಿಯೇನು?"

"ಕೇಳೇನಿ. ಅವರು ನನ್ನ ಮಾರಿ ನೋಡಕೊಂತ ಅಂದಿದ್ರು. ಇದ ಕಟ್ಟೀ ಮುಂದ."

ಹಿರಿಯರು ತಲೆದೂಗಿದರು. ತಂಗಿ ಹಂಡೆಯಲ್ಲಿ ಕೈಯದ್ದಿದಳು. ನೀರು ತಣ್ಣಗಿತ್ತು. ಆ ನೀರಿಗಾಗಿಯೇ ಅಕ್ಕ ಸತ್ತದ್ದು. ಅವಳು ಕತ್ತೆತ್ತಿ, ಅಷ್ಟು ವರ್ಷ ನಾರಿನಲ್ಲಿ ಹೊಸೆದಿಟ್ಟದ್ದನ್ನು ಒಂದಕ್ಷರ ಅತ್ತಿತ್ತ ಆಗದಂತೆ ನುಡಿದಳು:

"ಅಡಿವೆವ್ವ ಅನ್ನೂ ಹೆಂಗಸನ್ನ ನಾ ಕಂಡೇ ಇಲ್ಲ."

ಎಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಮುದುಕರು ನೆಲ ನೋಡಿದರು.

"ನುಂಗಿಸಿದ ಹೆಸರು ಎತ್ತಿದ್ಲು! ಅಗಸಿಯಿಂದ ಹೊರಗ ಹಾಕ್ರಿ!" ಎಂದು ಕಿರಿಮಗ ಒದರಿದ.

"ನಾ ಎಲ್ಲಿ ಎತ್ತೇನಿ?" ಅಂದಳು ತಂಗಿ. "ನಾ ಸಾಕ್ಷಿ. ಎತ್ತಿದವ ನಿಮ್ಮಪ್ಪ."

ಹಿರಿಯರು ತಲೆಗೆ ತಲೆ ಹಚ್ಚಿ ಮಾತಾಡಿದರು. ಹಿರಿಮಗ ಕೈಮುಗಿದು ಅವರ ಮುಂದೆ ಬಗ್ಗಿದ. "ಹೆಸರೊಂದ ಬಿಟ್ಟು ಉಳದದ್ದನ್ನ ಇಟ್ಟಗೊಳ್ಳೂಣ್ರಿ. 'ನಾ ಕಂಡೇ ಇಲ್ಲ' ಅಷ್ಟ. ಅದಕ್ಕ ಏನರ ದೊಡ್ಡ ಅರ್ಥಾ ಹಚ್ಚಾಕ ಬರತೈತಿ."

"ಒಂದಕ್ಷರ ಕಳಿಯಾಕ ಬರೂದಿಲ್ಲ, ತಮ್ಮಾ," ಅಂದರು ದೊಡ್ಡವರು. ಅವರ ಮುಖ ಬೂದಿ ಬಳಿದಂತಾಗಿತ್ತು. "ಬ್ಯಾರೆ ಸಾಕ್ಷಿ ಇದ್ರ ಕರಕೊಂಡು ಬಾ."

ಬೇರೆ ಸಾಕ್ಷಿ ಇರಲಿಲ್ಲ. ಊರೆಲ್ಲ ಅವನ ಮನೆಯ ಪಾಯಸ ಉಂಡಿತ್ತು.

"ಇದು ಬ್ಯಾಡ ಅಂದ್ರ ಉಳಿಮಾತ ಬ್ಯಾಡ ಅಂದಂಗ. ಹೆಸರು ನುಂಗಸ್ತೇವಿ. ನೀವ ಯೋಚನಿ ಮಾಡ್ರಿ."

ಮಕ್ಕಳು ದೂರ ಹೋಗಿ ನಿಂತು ಯೋಚನೆ ಮಾಡಿದರು. ಕಿರಿಮಗ ಬೇಡವೆಂದ, ಅಪ್ಪನ ಹೆಸರು ಹೋದರೂ ಚಿಂತೆಯಿಲ್ಲ, ಈ ನಾಚಿಕೆ ಬೇಡವೆಂದ. ಹಿರಿಮಗ ಹೊಂಡದ ಕಡೆ ನೋಡಿದ, ಓಣಿಯ ಕಡೆ ನೋಡಿದ, ಕಟ್ಟೆಯ ಮೇಲಿನ ತನ್ನ ಜಾಗದ ಕಡೆ ನೋಡಿದ. ತಂಗಿ ಅವನನ್ನೇ ನೋಡುತ್ತಿದ್ದಳು. ಯಾವ ಆಸೆಗೆ ಅಪ್ಪನ ತುಟಿ ಮುಚ್ಚಿಕೊಂಡಿತ್ತೋ ಅದೇ ಆಸೆಗೆ ಮಗನ ತುಟಿ ತೆರೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಹೊತ್ತು ಮೂಡುವಾಗ ಹಿರಿಮಗ ಅಗಸೆಯ ಕಲ್ಲಿನ ಮೇಲೆ ನಿಂತು ಕಟ್ಟಳೆಯಂತೆ ಬಲಗೈ ಎತ್ತಿದ. ದನಿ ಅವನಿಗೆ ಅಪ್ಪನದೇ ಬಂದಿತ್ತು, ಗಂಟೆ ಹೊಡೆದಂಥದು.

"ಅಡಿವೆವ್ವ ಅನ್ನೂ ಹೆಂಗಸನ್ನ ನಾ ಕಂಡೇ ಇಲ್ಲ!"

ಊರು ಹಿಂದೆ ಕೂಗಿತು. ಗಂಡಸರು ಕೂಗಿದರು, ಹೆಂಗಸರು ಕೂಗಿದರು, ಮಾತು ಕಲಿಯುತ್ತಿದ್ದ ಕೂಸುಗಳು ತೊದಲಿದವು. ಅಡಿವೆವ್ವ, ಅಡಿವೆವ್ವ, ಎಂದು ಅಗಸೆಯ ಕಮಾನು ತಿರುಗಿ ಹೇಳಿತು. ನೆಲದೊಳಗೆ ಹೂತಿದ್ದ ಹೆಸರು ಸಾವಿರ ಬಾಯಿಂದ ಎದ್ದು ಬಂತು. ತಂಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕಾಲು ಚಾಚಿ, ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಸಿದವರು ಉಣ್ಣುವ ಹಾಗೆ ಕೇಳಿದಳು.

ದಿನಾ ಬಂದಳು. ಹಿರಿಮಗ ಮೆಲ್ಲಗೆ ಗೊಣಗಿದ ದಿನ, "ಕೇಳಸಲಿಲ್ಲಪಾ, ಮುದುಕಿ ಕಿವಿ ಮಂದ ಆಗೇತಿ," ಅಂದಳು. ಅವನು ಮತ್ತೆ ಕೂಗಬೇಕಾಯಿತು. ನಾಚಿಕೆಯಿಂದ ಅವನ ಕಿವಿ ಕೆಂಪಾಗುವುದನ್ನು ನೋಡಿ ಅವಳು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು. ಎಳೆಯರು ಕೇಳತೊಡಗಿದರು, ಯಾರಾಕಿ, ಯಜಮಾನರು ಯಾರನ್ನ ಕಂಡಿಲ್ಲ, ಕಾಣದಾಕಿನ್ನ ಯಾಕ ಹೆಸರು ಹಿಡದು ಕೂಗಬೇಕು? ದೊಡ್ಡವರು ಉತ್ತರ ಕೊಡದೆ ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದರು. ತಂಗಿಯೂ ಉತ್ತರ ಕೊಡಲಿಲ್ಲ. ಊರು ತುರಿಸಿಕೊಳ್ಳಲಿ, ರಕ್ತ ಬರುವ ತನಕ ತುರಿಸಿಕೊಳ್ಳಲಿ ಎಂದು ಸುಮ್ಮನಿದ್ದಳು.

ಹೀಗಿರುವಾಗ ಒಂದು ಮುಂಜಾನೆ, ಹಿರಿಮಗ ಕೂಗಿ, ಊರು ಕೂಗಿ, ಇನ್ನೇನು ಮುಂದಿನ ಸತ್ತವರ ಮಾತಿಗೆ ಹೋಗಬೇಕು ಅನ್ನುವಾಗ, ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ನಾ ಕಂಡೇನಿ."

ಎಲ್ಲರೂ ತಿರುಗಿದರು. ಗಲ್ಲದ ಮೇಲೆ ಹಚ್ಚೆಯಿದ್ದ ಒಬ್ಬ ಮುದುಕಿ, ಕೋಲು ಊರಿಕೊಂಡು ನಿಂತಿದ್ದಳು. ನೀರು ಹೊರುವ ಸಾಲಿನಲ್ಲಿ ಇದ್ದವಳು. ಆ ಊರಲ್ಲಿ ಉಳಿಮಾತಿಗೆ ಯಾರೂ ಎದುರು ಮಾತಾಡಿದ್ದಿಲ್ಲ. ಆಡಬಾರದು ಎಂದು ಕಟ್ಟಳೆಯೂ ಇರಲಿಲ್ಲ. ಯಾರಾದರೂ ಆಡಬಹುದೆಂದು ಕಟ್ಟಳೆ ಮಾಡಿದವರಿಗೆ ಹೊಳೆದಿರಲಿಲ್ಲ.

ಊರಿಗೆ ಆಶ್ಚರ್ಯವಾಯಿತು. ತಂಗಿಗೆ ಬೆಂಕಿ ಹತ್ತಿತು. ಜನರನ್ನು ಸರಿಸಿಕೊಂಡು ಹೋಗಿ ಹಚ್ಚೆಯ ಮುದುಕಿಯ ಸೆರಗು ಹಿಡಿದಳು.

"ಅವತ್ತ ಎಲ್ಲಿಟ್ಟಿದ್ದಿಬೇ ಈ ನಾಲಿಗೀನ? ಅಕಿ ಹೆಣಾ ಇನ್ನೂ ಬಿಸಿ ಇತ್ತು. ನೀ ಕಟ್ಟೀ ಮುಂದ ಕುಂತಿದ್ದಿ. ನಾ ನಿನ್ನ ಮಾರಿ ನೋಡಿದ್ದೆ."

"ಬಾಯಾಗ ಇತ್ತವ್ವ," ಅಂದಳು ಮುದುಕಿ. "ಹಲ್ಲು ಗಟ್ಟಿ ಇದ್ದವು, ಕಚ್ಚಿ ಹಿಡದಿದ್ದವು. ಈಗ ಎಲ್ಲಾ ಉದುರ್ಯಾವು."

ತಂಗಿ ಸೆರಗು ಬಿಡಲಿಲ್ಲ. "ಏನ್ ಕಂಡಿ? ಬರೇ ಕಂಡೆ ಅಂದ್ರ ಆಗೂದಿಲ್ಲ. ಏನ್ ಕಂಡಿ, ಹೇಳು."

"ನಾ ಬಸುರಿದ್ದೆ. ಮೆಟ್ಟಲಾ ಹತ್ತಾಕ ಆಗವಲ್ದಾಗಿತ್ತು. ಅಕಿ ನನ್ನ ಕೊಡಾನ ಕಸಗೊಂಡು ತನ್ನ ಕೊಡದ ಮ್ಯಾಲ ಏರಿಸ್ಕೊಂಡ್ಲು. ಬ್ಯಾಡವ್ವಾ ಅಂದೆ. 'ಸುಮ್ಮ ನಡಿ, ಮಾತಾಡಿದ್ರ ಏದುಸಿರು ಬರತೈತಿ' ಅಂದ್ಲು."

ತಂಗಿಯ ಕೈ ಸಡಿಲವಾಯಿತು. ಈ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಯಾವ ಹಿರಿಯರೂ ಆರಿಸದ, ಯಾರೂ ಅಗಸೆಯಲ್ಲಿ ಕೂಗದ ಮಾತು ಅದು. ಅಕ್ಕ ದಿನಕ್ಕೆ ಹತ್ತು ಸಲ ಗದರುತ್ತಿದ್ದದ್ದು ಹಾಗೆಯೇ. ಅಷ್ಟು ವರ್ಷ ಅವಳು ಬಾಯೊಳಗಿಟ್ಟುಕೊಂಡದ್ದು ಕೂಗುಗಾರನ ದನಿಯೊಂದನ್ನೇ. ಅಕ್ಕನ ಸಣ್ಣ, ಒರಟು, ಕಟ್ಟಿದ ದನಿ ಹೇಗಿತ್ತೆಂಬುದು ಯಾವಾಗಲೋ ಜಾರಿಹೋಗಿತ್ತು. ಈಗ ಹಲ್ಲಿಲ್ಲದ ಈ ಬಾಯಿಂದ ಅದು ಬಂದು ಅವಳ ಮುಖಕ್ಕೆ ಬಡಿಯಿತು. ಅಗಸೆಯ ನಡುವೆ, ಊರೆಲ್ಲರ ಮುಂದೆ, ಅವಳು ಅತ್ತಳು. ಅಕ್ಕ ಸತ್ತ ದಿನ ಬರದ ಅಳು ಅದು.

ಅತ್ತು ಮುಗಿಸಿ ಮೂಗು ಒರೆಸಿಕೊಂಡಳು. ಅವಳ ಕಣ್ಣು ಮಾತ್ರ ಕರಗಿರಲಿಲ್ಲ.

"ನಾಳೆ ಬಾ," ಅಂದಳು ಹಚ್ಚೆಯ ಮುದುಕಿಗೆ. "ಕಲ್ಲಿನ ಮುಂದ ನಿಂತು, ಆ ಮನಿಯವರ ಮಾರಿ ನೋಡಿ ಹೇಳು. ಇಲ್ಲಂದ್ರ ನಿನಗ ನನ್ನ ಕ್ಷಮಾ ಇಲ್ಲ."

ಅಂದಿನಿಂದ ತಂಗಿ ಹಗ್ಗ ಹೊಸೆಯುವುದನ್ನು ಬಿಟ್ಟಳು. ಮನೆಮನೆಗೆ ಹೋದಳು. ಅಂದು ಕಟ್ಟೆಯ ಮುಂದೆ ಸುಮ್ಮನೆ ಕೂತಿದ್ದವರು ಎಲ್ಲೆಲ್ಲಿ ಬದುಕಿದ್ದಾರೋ ಅಲ್ಲೆಲ್ಲ ಹೋದಳು. ಹಾಸಿಗೆ ಹಿಡಿದವರ ತಲೆದೆಸೆಯಲ್ಲಿ ಕೂತಳು. ಬೇಡಿಕೊಳ್ಳಲಿಲ್ಲ, ಒಲಿಸಲಿಲ್ಲ. "ನೀ ಏನ್ ಕಂಡಿದ್ದಿ?" ಎಂದು ಮಾತ್ರ ಕೇಳಿದಳು. ನೆನಪಿಲ್ಲ ಅಂದವರ ಹೊಸ್ತಿಲ ಮೇಲೆ ನೆನಪಾಗುವ ತನಕ ಕೂತಳು. ಕಂಡವರು ಸತ್ತಿದ್ದರೆ ಅವರ ಮಕ್ಕಳನ್ನು ಹಿಡಿದಳು, "ನಿಮ್ಮವ್ವ ಕಣ್ಣು ಮುಚ್ಚೂ ಮುಂದ ಏನರ ಅಂದಿದ್ಲೇನು?" ಎಂದು ಕೇಳಿದಳು.

ಮುಂಜಾನೆಯ ಕೂಗಿಗೆ ಉತ್ತರಗಳು ಹೆಚ್ಚುತ್ತ ಹೋದವು. ನಾ ಕಂಡೇನಿ, ಅಕಿ ಎಡಗೈಲೆ ಉಣ್ತಿದ್ಲು. ನಾ ಕಂಡೇನಿ, ಕೋಟಿಯವರು ಎಳದೊಯ್ಯೂ ಮುಂದ ಅಕಿ ತಿರುಗಿ ನನ್ನ ನೋಡಿದ್ಲು, ನಾ ಬಾಗಲಾ ಹಾಕ್ಕೊಂಡೆ. ನಾ ಕಂಡೇನಿ, ಕೊಡ ಬೋರಲು ಹಾಕಂದಾಕಿ ಅಕಿನ. ಕೇಳೂ ಬಾಯೂ ಐತಿ ಅಂದಾಕಿನೂ ಅಕಿನ, ನಾ ಮಗ್ಗಲಾಗ ಇದ್ದೆ.

ಉಳಿಮಾತು ಕೂಗಿದವನು ಜನ ಸುಮ್ಮನಾಗುವ ತನಕ ಎತ್ತಿದ ಕೈಯನ್ನು ಇಳಿಸುವಂತಿಲ್ಲ. ಮೊದಲೆಲ್ಲ ಅದು ಕಣ್ಣೆವೆ ಮುಚ್ಚಿ ತೆಗೆಯುವಷ್ಟು ಹೊತ್ತಿನ ಕೆಲಸವಾಗಿತ್ತು. ಈಗ ಹೊತ್ತು ಏರಿ, ಬಾಗಿಲು ತೆಗೆಯುವುದು ತಡವಾಗಿ, ದನಗಳು ಕೊಟ್ಟಿಗೆಯಲ್ಲಿ ಒದರುತ್ತಿದ್ದರೂ ಉತ್ತರಗಳು ಮುಗಿಯುತ್ತಿರಲಿಲ್ಲ. ಹಿರಿಮಗ ಕಲ್ಲಿನ ಮೇಲೆ ಒಬ್ಬನೇ ನಿಂತಿರುತ್ತಿದ್ದ. ಒಂದು ದಿನ ಬಿಸಿಲು ಅವನ ನೆತ್ತಿಯ ಮೇಲೆ ಬಂತು. ತೋಳು ನಡುಗಿ, ಬೆವರು ಕಣ್ಣಿಗಿಳಿದು, ತುಟಿ ಒಣಗಿತ್ತು. ಕೆಳಗೆ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ತಂಗಿಯ ಕಡೆ ಬಗ್ಗಿ, ಯಾರಿಗೂ ಕೇಳದ ದನಿಯಲ್ಲಿ ಕೇಳಿದ:

"ಇನ್ನ ಎಷ್ಟು ಮಂದಿ ಅದಾರಬೇ, ಎವ್ವಾ?"

ತಂಗಿ ಹಿಂದಕ್ಕೆ ತಿರುಗಿ, ಓಣಿಯ ತುದಿಯ ತನಕ ನಿಂತವರನ್ನು ನೋಡಿದಳು.

"ಕೈ ಇಳಿಸಬ್ಯಾಡ," ಅಂದಳು. "ಇನ್ನೂ ಅರ್ಧಾ ಊರು ಉಳದೈತಿ."